ತಲೆಯ ಭಾರವೂ ಕತ್ತಿನ ಶ್ರಮವೂ

ನಮ್ಮ ದೇಶದ ಹಳೆಯ ಓಲೆಗರಿಯ ಗ್ರಂಥಗಳನ್ನು ಪರಿಶೋಧಿಸುವವರಿಗೆ ಅನೇಕ ಪ್ರತಿಗಳ ಕೊನೆಯಲ್ಲಿ ಒಂದು ವಿಶೇಷವಾದ ಬಿನ್ನಹ ಕಾಣಸಿಗುತ್ತದೆ. ಗ್ರಂಥವನ್ನು ಪ್ರತಿಮಾಡಿ ಮುಗಿಸಿದ ಲಿಪಿಕಾರನು, ಬೆನ್ನು ಸೊಂಟ ಕತ್ತುಗಳನ್ನು ಸವೆಸಿ, ದೃಷ್ಟಿಯನ್ನು ಒಂದೇ ಕಡೆ ನೆಟ್ಟು, ತಲೆತಗ್ಗಿಸಿ ಕುಳಿತು ತಾನು ಬರೆದ ಈ ಪುಸ್ತಕವನ್ನು ಜೋಪಾನವಾಗಿ ಕಾಪಾಡಬೇಕೆಂದು ಮುಂದಿನವರನ್ನು ಬೇಡಿಕೊಳ್ಳುತ್ತಾನೆ. ಕಂಟವು ಹೋಗಿ ಲೇಖನಿ ಬಂದಿತು. ಲೇಖನಿಯ ಪಕ್ಕದಲ್ಲಿ ಇಂದು ಕಂಪ್ಯೂಟರಿನ ಕೀಲಿಮಣೆಯೂ ಬಂದಿದೆ. ಆದರೆ ಲಿಪಿಕಾರನ ಕತ್ತುನೋವು ಮಾತ್ರ ಅವನೊಂದಿಗೆ ಮುಗಿದುಹೋಗಲಿಲ್ಲ. ಪರೀಕ್ಷೆಗೆ ಓದುವ ವಿದ್ಯಾರ್ಥಿ, ಉತ್ತರಪತ್ರಿಕೆಗಳನ್ನು ತಿದ್ದುವ ಅಧ್ಯಾಪಕ, ಪ್ರಬಂಧ ಬರೆಯುವ ಸಂಶೋಧಕ, ಇವರೆಲ್ಲರೂ ಅದಕ್ಕೆ ವಾರಸುದಾರರೇ ಆಗಿದ್ದಾರೆ.

ವೈದ್ಯಶಾಸ್ತ್ರವು ಈ ವಿಷಯಕ್ಕೆ ಗಮನ ಕೊಟ್ಟು ಮೂರು ಶತಮಾನಗಳಾದುವು. ಇಟಲಿಯ ವೈದ್ಯನಾದ ಬರ್ನಾರ್ಡಿನೊ ರಾಮಾಝಿನಿಯು ಕಸುಬುಗಳಿಂದ ಬರುವ ರೋಗಗಳನ್ನು ಕುರಿತ ತನ್ನ ಹೆಸರಾಂತ ಗ್ರಂಥವನ್ನು ೧೭೦೦ರಲ್ಲಿ ಪ್ರಕಟಿಸಿದನು. ೧೭೧೩ರಲ್ಲಿ ಬಂದ ಅದರ ವಿಸ್ತೃತ ಆವೃತ್ತಿಯಲ್ಲಿ ಬರಹಗಾರರ ಬೇನೆಗಳಿಗೆ ಅವನು ಮೂರು ಕಾರಣಗಳನ್ನು ಹೇಳಿದನು: ಎಡೆಬಿಡದೆ ಕುಳಿತಿರುವುದು, ಕೈಯನ್ನು ಸದಾ ಒಂದೇ ರೀತಿ ಆಡಿಸುತ್ತಿರುವುದು, ತಪ್ಪಾಗದಂತೆ ಎಚ್ಚರ ವಹಿಸುವ ಮನಸ್ಸಿನ ಆಯಾಸ. ಈ ಮೂರರಲ್ಲಿ ಬಾಗಿದ ಕತ್ತಿನ ಹೆಸರಿಲ್ಲವೆಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಅದರ ಮಹತ್ತ್ವ ಮುಂದೆ ತಿಳಿಯುವುದು.

ಕತ್ತುನೋವು ಅಲ್ಪಸ್ವಲ್ಪ ಜನರ ತೊಂದರೆಯಲ್ಲ. ೨೦೨೦ರಲ್ಲಿ ಜಗತ್ತಿನಾದ್ಯಂತ ಸುಮಾರು ೨೦ ಕೋಟಿ ಜನ ಇದರಿಂದ ಬಳಲುತ್ತಿದ್ದರೆಂದು ಅಂದಾಜು ಮಾಡಲಾಗಿದೆ. ಇದಕ್ಕೆ ನಮ್ಮ ಹಿರಿಯರೂ ಉಪಾಧ್ಯಾಯರೂ ಕೊಡುವ ಉತ್ತರ ಒಂದೇ: “ನೆಟ್ಟಗೆ ಕುಳಿತುಕೊ!” ಈ ಉಪದೇಶದಲ್ಲಿ ಎಷ್ಟು ಸತ್ಯಾಂಶವಿದೆ, ಎಷ್ಟು ಇಲ್ಲ ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ. ಅದಕ್ಕೆ ಮೊದಲು ಕತ್ತಿನ ರಚನೆಯನ್ನು ಸ್ವಲ್ಪ ನೋಡೋಣ.

ಏಳು ಮಣಿಗಳ ಕಂಬ

ಮನುಷ್ಯನ ಕತ್ತಿನಲ್ಲಿ ಏಳು ಬೆನ್ನುಮಣಿಗಳಿವೆ. ಜಿರಾಫೆಯ ನೀಳವಾದ ಕತ್ತಿನಲ್ಲಿಯೂ ಏಳೇ ಮಣಿಗಳು, ಇಲಿಯ ಗಿಡ್ಡ ಕತ್ತಿನಲ್ಲಿಯೂ ಏಳೇ ಮಣಿಗಳು! ಸಸ್ತನಿಗಳಲ್ಲಿ ಈ ನಿಯಮಕ್ಕೆ ಅಪವಾದಗಳು ಬಹಳ ವಿರಳ. ನಮ್ಮ ಮೊದಲನೆಯ ಮಣಿಯು ಉಂಗುರದಂತಿದ್ದು ತಲೆಬುರುಡೆಯನ್ನು ಹೊರುತ್ತದೆ. ಆದುದರಿಂದಲೇ ಗ್ರೀಕರ ಪುರಾಣದಲ್ಲಿ ಆಕಾಶವನ್ನು ಹೊತ್ತು ನಿಂತ ಅಟ್ಲಾಸನ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ. ‘ಹೌದು’ ಎಂದು ತಲೆಯಾಡಿಸುವ ಚಲನೆಯಲ್ಲಿ ಹೆಚ್ಚಿನ ಪಾತ್ರ ಬುರುಡೆಗೂ ಅಟ್ಲಾಸಿಗೂ ನಡುವಣ ಕೀಲಿನದು. ಎರಡನೆಯ ಮಣಿಯಲ್ಲಿ ಗೂಟದಂತಹ ಒಂದು ಮೊನೆಯಿದೆ. ಅದರ ಸುತ್ತ ಅಟ್ಲಾಸು ತಿರುಗುವುದರಿಂದ ನಾವು ‘ಇಲ್ಲ’ ಎಂದು ತಲೆ ತಿರುಗಿಸಬಲ್ಲೆವು. ಕತ್ತಿನ ಒಟ್ಟು ತಿರುಗುವಿಕೆಯಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಈ ಒಂದೇ ಕೀಲಿನಲ್ಲಿ ನಡೆಯುತ್ತದೆ.

ಎರಡನೆಯ ಮಣಿಯಿಂದ ಕೆಳಕ್ಕೆ, ಒಂದೊಂದು ಮಣಿಗೂ ನಡುವೆ ಡಿಸ್ಕ್ ಎಂಬ ಮೆತ್ತೆಯಿದೆ. ಮಣಿಗಳ ಹಿಂದಿನ ಕೊಳವೆಯಲ್ಲಿ ಮಿದುಳುಬಳ್ಳಿಯು ಇಳಿಯುತ್ತದೆ. ಅದರ ಎರಡು ಪಕ್ಕಗಳಿಂದ ಎಂಟು ಜೊತೆ ನರಗಳು ಹೊರಡುತ್ತವೆ. ಇವುಗಳಲ್ಲಿ ಕೆಳಗಿನವು ಭುಜ, ತೋಳು, ಬೆರಳುಗಳಿಗೆ ಹೋಗುತ್ತವೆ. ಕತ್ತಿನಲ್ಲಿ ನರ ಒತ್ತಿಕೊಂಡರೆ ಬೆರಳು ಜೋಮು ಹಿಡಿಯುವುದು ಈ ಕಾರಣದಿಂದ. ಮಣಿಗಳ ಪಕ್ಕದ ರಂಧ್ರಗಳ ಮೂಲಕ ಮಿದುಳಿಗೆ ರಕ್ತವನ್ನೊಯ್ಯುವ ಎರಡು ನಾಳಗಳು ಏರುತ್ತವೆ. ಇಷ್ಟೆಲ್ಲ ಅಮೂಲ್ಯವಾದ ಸಾಮಗ್ರಿಯನ್ನು ಒಳಗಿಟ್ಟುಕೊಂಡು, ಸುಮಾರು ೫ ಕಿಲೋಗ್ರಾಂ ತೂಗುವ ತಲೆಯನ್ನು ಹೊತ್ತು, ಎಲ್ಲ ದಿಕ್ಕಿಗೂ ತಿರುಗಬೇಕಾದ ಕಂಬವು ಕತ್ತು. ಒಂದು ಕಂಬದಿಂದ ಇದಕ್ಕಿಂತ ಹೆಚ್ಚಿನ ಸೇವೆಯನ್ನು ಯಾವ ಶಿಲ್ಪಿಯೂ ಕೇಳಲಾರನು.

ಸನ್ನೆಗೋಲಿನ ಲೆಕ್ಕ

ತರಗತಿಯಲ್ಲಿ ಕುಳಿತಲ್ಲಿಯೇ ತೂಕಡಿಸುವ ವಿದ್ಯಾರ್ಥಿಯ ತಲೆ ಸಾಮಾನ್ಯವಾಗಿ ಮುಂದಕ್ಕೆ ಏಕೆ ವಾಲುತ್ತದೆ? ತಲೆಯ ಗುರುತ್ವಕೇಂದ್ರವು ಅದನ್ನು ಹೊತ್ತ ಕೀಲಿಗಿಂತ ತುಸು ಮುಂದಿದೆ. ಎಚ್ಚರವಿರುವಾಗ ಕತ್ತಿನ ಹಿಂಭಾಗದ ಸ್ನಾಯುಗಳು ತಲೆಯನ್ನು ಹಿಂದಕ್ಕೆ ಸೆಳೆದು ಹಿಡಿದಿರುತ್ತವೆ. ನಿದ್ರೆ ಬಂದೊಡನೆ ಅವು ಸಡಿಲವಾಗುತ್ತವೆ, ತಲೆ ಬೀಳುತ್ತದೆ. ಎಂದರೆ, ಕತ್ತು ಒಂದು ಸನ್ನೆಗೋಲು. ಮುಂದೆ ತಲೆಯ ಭಾರ, ಹಿಂದೆ ಸ್ನಾಯುಗಳ ಬಲ, ನಡುವೆ ಆಧಾರಬಿಂದುವಾಗಿ ಮಣಿ.

ಭೌತಶಾಸ್ತ್ರ ಓದುವ ವಿದ್ಯಾರ್ಥಿಗಳು ಇದನ್ನು ಲೆಕ್ಕಮಾಡಿ ನೋಡಬಹುದು. ಸೌಕರ್ಯಕ್ಕಾಗಿ ಕತ್ತಿನ ಬುಡವನ್ನೇ ಆಧಾರಬಿಂದುವೆಂದು ಇಟ್ಟುಕೊಳ್ಳೋಣ. ಅಲ್ಲಿಂದ ತಲೆಯ ಗುರುತ್ವಕೇಂದ್ರಕ್ಕೆ ೧೮ ಸೆಂಟಿಮೀಟರು, ಹಿಂಬದಿಯ ಸ್ನಾಯುಗಳಿಗೆ ೫ ಸೆಂಟಿಮೀಟರು ದೂರವಿರಲಿ. ತಲೆ ನೆಟ್ಟಗಿರುವಾಗ ಅದರ ಭಾರ ಬಹುಮಟ್ಟಿಗೆ ಕಂಬದ ಮೇಲೆಯೇ ಇಳಿಯುವುದರಿಂದ ಸ್ನಾಯುಗಳಿಗೆ ಕೆಲಸ ಕಡಮೆ. ತಲೆಯನ್ನು ೩೦ ಡಿಗ್ರಿ ಬಾಗಿಸಿದರೆ ಗುರುತ್ವಕೇಂದ್ರವು ೯ ಸೆಂಟಿಮೀಟರು ಮುಂದಕ್ಕೆ ಹೋಗುತ್ತದೆ. ೫ನ್ನು ೯ರಿಂದ ಗುಣಿಸಿ ೫ರಿಂದ ಭಾಗಿಸಿದರೆ ೯. ಸ್ನಾಯುಗಳು ೯ ಕಿಲೋಗ್ರಾಂ ತೂಕದಷ್ಟು ಬಲದಿಂದ ಸೆಳೆಯಬೇಕಾಯಿತು. ೬೦ ಡಿಗ್ರಿ ಬಾಗಿಸಿದರೆ ಈ ಸೆಳೆತವು ೧೫ ಕಿಲೋಗ್ರಾಮನ್ನು ಮೀರುತ್ತದೆ. ಮಣಿಗಳ ಮೇಲೆ ಬೀಳುವ ಒತ್ತಡದಲ್ಲಿ ಸ್ನಾಯುವಿನ ಸೆಳೆತವೂ ತಲೆಯ ಭಾರವೂ ಸೇರುವುದರಿಂದ ಅದು ಇನ್ನೂ ಅಧಿಕ.

೨೦೧೪ರಲ್ಲಿ ಅಮೆರಿಕದ ಶಸ್ತ್ರವೈದ್ಯನಾದ ಕೆನೆತ್ ಹಂಸರಾಜನು ಇಂತಹುದೇ ಲೆಕ್ಕವನ್ನು ಕಂಪ್ಯೂಟರಿನ ಮಾದರಿಯಿಂದ ಮಾಡಿ, ೩೦ ಡಿಗ್ರಿಯಲ್ಲಿ ಸುಮಾರು ೧೮ ಕಿಲೋಗ್ರಾಂ, ೬೦ ಡಿಗ್ರಿಯಲ್ಲಿ ಸುಮಾರು ೨೭ ಕಿಲೋಗ್ರಾಂ ಒತ್ತಡ ಬೀಳುವುದೆಂದು ಪ್ರಕಟಿಸಿದನು. ಈ ಅಂಕಿಗಳು ಪತ್ರಿಕೆಗಳ ಮೂಲಕ ಜಗತ್ತನ್ನೆಲ್ಲ ಸುತ್ತಿದುವು. ಮೊಬೈಲ್ ನೋಡುವವನ ಕತ್ತು ಮುರಿದೇಹೋಗುವುದೆಂಬ ಭೀತಿಯೂ ಹುಟ್ಟಿತು. ಆದರೆ ಇವು ಲೆಕ್ಕದಿಂದ ಬಂದ ಅಂಕಿಗಳೇ ಹೊರತು ಯಾರ ಕತ್ತಿನಲ್ಲಿಯೂ ಅಳೆದು ಕಂಡವಲ್ಲ. ಅದಲ್ಲದೆ, ಭಾರ ಹೆಚ್ಚಿತೆಂದ ಮಾತ್ರಕ್ಕೆ ನೋವು ಬರುವುದೆಂದು ಹೇಳಲಾಗದು. ನೀರು ತುಂಬಿದ ಕೊಡವನ್ನು ತಲೆಯ ಮೇಲಿಟ್ಟು ನಡೆಯುವ ಹೆಂಗಸಿನ ಕತ್ತಿನ ಮೇಲೆ ಬೀಳುವ ಭಾರ ಸಾಮಾನ್ಯವೇ? ಬಹುಕಾಲದ ಹೊರೆಯಿಂದ ಅವಳಿಗೂ ಕೇಡು ಬರಬಹುದು. ಆದರೂ ಕತ್ತು ಐದು ಕಿಲೋಗ್ರಾಮಿಗೆ ಬೆದರುವ ಅಂಗವಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಬಾಗಿದ ಕತ್ತೇ ಅಪರಾಧಿಯೆ?

ವಿಜ್ಞಾನದಲ್ಲಿ ಲೆಕ್ಕವು ಎಷ್ಟೇ ಚೆಲುವಾಗಿರಲಿ, ಅದನ್ನು ನಿಜಸ್ಥಿತಿಯೊಡನೆ ಹೋಲಿಸಿ ನೋಡಲೇಬೇಕು. ಆಸ್ಟ್ರೇಲಿಯದಲ್ಲಿ ೧೭ ವರ್ಷ ವಯಸ್ಸಿನ ೧೧೦೮ ಜನರು ಕುಳಿತುಕೊಳ್ಳುವ ಭಂಗಿಯನ್ನು ಅಳೆದು, ಅವರನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಿ, ಯಾವ ಗುಂಪಿನಲ್ಲಿ ಕತ್ತುನೋವು ಹೆಚ್ಚೆಂದು ವಿಚಾರಿಸಿದರು. ೨೦೧೬ರಲ್ಲಿ ಪ್ರಕಟವಾದ ಇದರ ಫಲಿತಾಂಶವು ಹಲವರಿಗೆ ಆಶ್ಚರ್ಯವನ್ನುಂಟುಮಾಡಿತು: ನೆಟ್ಟಗೆ ಕೂರುವವರಿಗೂ ಕುಗ್ಗಿ ಕೂರುವವರಿಗೂ ಕತ್ತುನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ೨೦೧೮ರಲ್ಲಿ ಬ್ರೆಜಿಲಿನ ರಿಯೊ ಡಿ ಜನೈರೊ ನಗರದ ೧೫೦ ಮಂದಿ ತರುಣ ತರುಣಿಯರನ್ನು ಪರೀಕ್ಷಿಸಿದ ಮತ್ತೊಂದು ವರದಿ ಬಂದಿತು. ಅದರಲ್ಲಿಯೂ ಮೊಬೈಲ್ ನೋಡುವಾಗ ಕತ್ತು ಬಾಗಿಸುವುದಕ್ಕೂ ಕತ್ತುನೋವಿಗೂ ಸಂಬಂಧ ತೋರಿಬರಲಿಲ್ಲ.

ಹಾಗೆಂದ ಮೇಲೆ ಲೆಕ್ಕ ಸುಳ್ಳೆ? ಸುಳ್ಳಲ್ಲ. ಆದರೆ ಅದರಲ್ಲಿ ಒಂದು ಮುಖ್ಯ ಅಂಶ ಬಿಟ್ಟುಹೋಗಿದೆ. ಕೋನ, ದೂರ, ಭಾರಗಳನ್ನು ನಾವು ಲೆಕ್ಕಕ್ಕೆ ತೆಗೆದುಕೊಂಡೆವು, ಕಾಲವನ್ನು ತೆಗೆದುಕೊಳ್ಳಲಿಲ್ಲ. ಭಂಗಿಯ ಒಂದು ಚಿತ್ರವನ್ನು ನೋಡಿದರೆ ಆ ಭಂಗಿಯಲ್ಲಿ ಅವನು ಎಷ್ಟು ಹೊತ್ತು ಅಲುಗದೆ ಇದ್ದನೆಂಬುದು ತಿಳಿಯುವುದಿಲ್ಲ. ಓದುವವನ ಕತ್ತಿಗೆ ಬರುವ ಕಷ್ಟದಲ್ಲಿ ಬಾಗುವಿಕೆಗಿಂತಲೂ ನಿಶ್ಚಲತೆಯ ಪಾಲು ದೊಡ್ಡದೆಂದು ತಿಳಿಯಲು ಸ್ನಾಯುವಿನ ಸ್ವಭಾವವನ್ನು ನೋಡಬೇಕು.

ಅಲುಗದ ಸ್ನಾಯುವಿನ ಬಳಲಿಕೆ

ಒಂದು ಸಣ್ಣ ಪ್ರಯೋಗ ಮಾಡಿರಿ. ದಪ್ಪವಾದ ಪುಸ್ತಕವೊಂದನ್ನು ಕೈಯಲ್ಲಿ ಹಿಡಿದು, ತೋಳನ್ನು ಮುಂದಕ್ಕೆ ಚಾಚಿ, ಅಲುಗಿಸದೆ ನಿಲ್ಲಿರಿ. ಕೆಲವೇ ನಿಮಿಷಗಳಲ್ಲಿ ಭುಜವು ಉರಿಯತೊಡಗುತ್ತದೆ. ಅದೇ ಪುಸ್ತಕವನ್ನು ತೋಳು ಬೀಸುತ್ತ ಹಿಡಿದು ನಡೆದರೆ ಅರ್ಧ ಗಂಟೆಯಾದರೂ ತೊಂದರೆಯಿಲ್ಲ. ಸ್ನಾಯು ಕುಗ್ಗಿದಾಗ ಅದರೊಳಗಿನ ಸಣ್ಣ ರಕ್ತನಾಳಗಳು ಅದುಮಿಹೋಗುತ್ತವೆ. ಸಡಿಲವಾದಾಗ ರಕ್ತವು ಹರಿದು ಬರುತ್ತದೆ. ಕುಗ್ಗುತ್ತ ಹಿಗ್ಗುತ್ತ ಇರುವ ಸ್ನಾಯುವು ತಿದಿಯಂತೆ ತನಗೆ ಬೇಕಾದ ರಕ್ತವನ್ನು ತಾನೇ ತರಿಸಿಕೊಳ್ಳುತ್ತದೆ. ಕುಗ್ಗಿಯೇ ನಿಂತ ಸ್ನಾಯುವಿಗೆ ಆ ಸೌಲಭ್ಯವಿಲ್ಲ.

ಜರ್ಮನಿಯ ವಾಲ್ಟರ್ ರೋಮರ್ಟನು ೧೯೬೦ರಲ್ಲಿ ಸ್ನಾಯುಗಳ ತಾಳಿಕೆಯನ್ನು ಅಳೆದು, ಪೂರ್ಣಶಕ್ತಿಯ ನೂರರಲ್ಲಿ ೧೫ ಭಾಗಕ್ಕಿಂತ ಕಡಮೆ ಬಲದಿಂದ ಕುಗ್ಗಿದ ಸ್ನಾಯುವು ಎಷ್ಟು ಹೊತ್ತಾದರೂ ತಾಳಬಲ್ಲುದೆಂದು ಅಭಿಪ್ರಾಯಪಟ್ಟನು. ಇದು ಅತಿಯಾದ ಭರವಸೆಯೆಂದು ಆಮೇಲಿನ ಪ್ರಯೋಗಗಳಿಂದ ಗೊತ್ತಾಯಿತು. ಗಂಟೆಗಟ್ಟಲೆ ಮುಂದುವರಿದರೆ ಅದಕ್ಕಿಂತ ಎಷ್ಟೋ ಕಡಮೆಯಾದ ಸೆಳೆತವೂ ಸ್ನಾಯುವನ್ನು ಬಳಲಿಸುತ್ತದೆ. ಇದಕ್ಕೆ ಸ್ವೀಡನ್ನಿನ ಯೋರಾನ್ ಹೆಗ್ ಎಂಬ ವಿಜ್ಞಾನಿ ೧೯೯೧ರಲ್ಲಿ ಒಂದು ಸೊಗಸಾದ ವಿವರಣೆಯನ್ನು ಮುಂದಿಟ್ಟನು. ಸ್ನಾಯುವಿನ ತಂತುಗಳೆಲ್ಲ ಒಟ್ಟಿಗೆ ದುಡಿಯುವುದಿಲ್ಲ. ಸ್ವಲ್ಪ ಬಲ ಬೇಕಾದಾಗ ಸಣ್ಣ ತಂತುಗಳು ಮೊದಲು ಕೆಲಸಕ್ಕೆ ಇಳಿಯುತ್ತವೆ, ಸ್ನಾಯು ಪೂರ್ತಿ ಸಡಿಲವಾಗುವ ತನಕ ಅವುಗಳಿಗೆ ಬಿಡುವಿಲ್ಲ. ಯೂರೋಪಿನ ಜನಪದಕಥೆಯ ಸಿಂಡ್ರೆಲಾ ಮನೆಯವರೆಲ್ಲರಿಗಿಂತ ಮೊದಲು ಎದ್ದು ಎಲ್ಲರ ತರುವಾಯ ಮಲಗುತ್ತಿದ್ದಳು. ಅವಳಂತೆಯೇ ಈ ತಂತುಗಳು ದುಡಿದು ಬಳಲುವುದರಿಂದ ಹೆಗ್ಗನ ಸಿದ್ಧಾಂತಕ್ಕೆ ಸಿಂಡ್ರೆಲಾ ಎಂಬ ಹೆಸರೇ ನಿಂತಿತು. ಸಿದ್ಧಾಂತದ ಎಲ್ಲ ಅಂಶಗಳೂ ಇನ್ನೂ ಸ್ಥಿರಪಟ್ಟಿಲ್ಲ. ಆದರೂ, ಭಾರವಾದ ಕೆಲಸವನ್ನೇ ಮಾಡದ ಓದುಗಾರನ ಕತ್ತು ಸಂಜೆಯ ವೇಳೆಗೆ ಏಕೆ ಸೋಲುತ್ತದೆಂಬುದಕ್ಕೆ ಇದು ಒಳ್ಳೆಯ ಸುಳಿವು.

ಇಲ್ಲಿ ದನಕರುಗಳ ಸಂಗತಿಯನ್ನು ನೆನೆಯಬಹುದು. ಹಸು ದಿನವೆಲ್ಲ ತಲೆತಗ್ಗಿಸಿ ಮೇಯುತ್ತದೆ; ಅದಕ್ಕೇಕೆ ಕತ್ತುನೋವಿಲ್ಲ? ಹಸುವಿನ ಹೆಗ್ಗತ್ತಿನಲ್ಲಿ ರಬ್ಬರಿನಂತೆ ಹಿಗ್ಗಿ ಕುಗ್ಗುವ ದಪ್ಪನಾದ ಅಸ್ಥಿಬಂಧನವೊಂದು ತಲೆಯ ಭಾರದ ಬಹುಪಾಲನ್ನು ಹೊರುತ್ತದೆ. ಮನುಷ್ಯನಲ್ಲಿ ಅದು ತೆಳುವಾದ ಪೊರೆಯಷ್ಟಾಗಿ ಉಳಿದಿದೆ. ನೆಟ್ಟಗೆ ನಿಂತು ನಡೆಯುವ ಪ್ರಾಣಿಗೆ ಅದು ಅಷ್ಟಾಗಿ ಬೇಕಿಲ್ಲ. ಆದರೆ ಪುಸ್ತಕವನ್ನು ಮೇಯುವ ಪ್ರಾಣಿಗೆ ಅದರ ಕೊರತೆ ಕಾಣುತ್ತದೆ.

ಮನಸ್ಸಿನ ಪಾಲು

ರಾಮಾಝಿನಿ ಹೇಳಿದ ಮೂರನೆಯ ಕಾರಣವನ್ನೂ ಮರೆಯುವಂತಿಲ್ಲ. ಕತ್ತಿನಿಂದ ಭುಜದವರೆಗೆ ಹರಡಿರುವ ಟ್ರಪೀಜಿಯಸ್ ಸ್ನಾಯುವಿನ ಮೇಲೆ ವಿದ್ಯುತ್ತನ್ನು ಅಳೆಯುವ ತಟ್ಟೆಗಳನ್ನು ಅಂಟಿಸಿ, ವ್ಯಕ್ತಿಯನ್ನು ಸುಮ್ಮನೆ ಕೂರಿಸಿ, ಕಠಿನವಾದ ಲೆಕ್ಕವೊಂದನ್ನು ಅವಸರದಲ್ಲಿ ಮಾಡಲು ಹೇಳಿದರೆ, ಕೈ ಅಲುಗಿಸದಿದ್ದರೂ ಸ್ನಾಯುವಿನ ಚಟುವಟಿಕೆ ಏರುವುದನ್ನು ಪ್ರಯೋಗಶಾಲೆಗಳಲ್ಲಿ ಕಂಡಿದ್ದಾರೆ. ಪರೀಕ್ಷೆ ಹತ್ತಿರವಾದಂತೆ ಭುಜಗಳು ತಮಗೆ ತಾವೇ ಕಿವಿಯ ಕಡೆಗೆ ಏರುವುದು ಬರಿಯ ಕಲ್ಪನೆಯಲ್ಲ. ನಿದ್ರೆಗೆಟ್ಟು ಓದುವುದು ಇದಕ್ಕೆ ಸೇರಿದರೆ ನೋವಿನ ಅನುಭವ ಇನ್ನೂ ಹೆಚ್ಚುತ್ತದೆ. ರಾತ್ರಿಯೆಲ್ಲ ಓದಿ ಕತ್ತು ಹಿಡಿಸಿಕೊಂಡ ವಿದ್ಯಾರ್ಥಿಗೆ ದಿಂಬು ಬದಲಾಯಿಸಿದರಷ್ಟೇ ಸಾಲದು, ಆ ದಿಂಬಿನ ಮೇಲೆ ಸಾಕಷ್ಟು ಹೊತ್ತು ಮಲಗಬೇಕು.

ಪರಿಹಾರದ ದಾರಿ

ಇಷ್ಟನ್ನು ತಿಳಿದರೆ ಪರಿಹಾರವು ತಾನಾಗಿಯೇ ಹೊಳೆಯುತ್ತದೆ. ನೆಟ್ಟಗೆ ಕುಳಿತು ಅದೇ ಭಂಗಿಯಲ್ಲಿ ಮೂರು ಗಂಟೆ ಬಿಗಿಹಿಡಿದಿರುವುದೂ ಕತ್ತಿಗೆ ಶಿಕ್ಷೆಯೇ. ಸರಿಯಾದ ಭಂಗಿ ಯಾವುದೆಂದು ಹುಡುಕುವುದಕ್ಕಿಂತ ಭಂಗಿಯನ್ನು ಆಗಾಗ ಬದಲಾಯಿಸುವುದು ಮೇಲು. ಅರ್ಧ ಗಂಟೆಗೊಮ್ಮೆ ಎದ್ದು, ಒಂದೆರಡು ನಿಮಿಷ ನಡೆದಾಡಿ, ಭುಜಗಳನ್ನು ತಿರುವಿ, ತಲೆಯನ್ನು ಮೆಲ್ಲನೆ ಎಡಬಲಗಳಿಗೆ ತಿರುಗಿಸಿದರೆ ಸಿಂಡ್ರೆಲಾ ತಂತುಗಳಿಗೆ ಬಿಡುವು ದೊರೆಯುತ್ತದೆ. ಬಾಯಿಪಾಠ ಮಾಡುವುದನ್ನು ಕುಳಿತೇ ಮಾಡಬೇಕೆಂದಿಲ್ಲ, ನಡೆಯುತ್ತಲೂ ಮಾಡಬಹುದು.

ಎರಡನೆಯದಾಗಿ, ಕಣ್ಣನ್ನು ಪುಸ್ತಕಕ್ಕೆ ಇಳಿಸುವುದಕ್ಕಿಂತ ಪುಸ್ತಕವನ್ನು ಕಣ್ಣಿನತ್ತ ಏರಿಸುವುದು ಮೇಲು. ಭಾರತ ರಾಮಾಯಣಗಳನ್ನು ಓದುವಾಗ ನಮ್ಮ ಹಿರಿಯರು ಗ್ರಂಥವನ್ನು ನೆಲದ ಮೇಲಿಡದೆ ವ್ಯಾಸಪೀಠದ ಮೇಲಿಡುತ್ತಿದ್ದರು. ಅದು ಗ್ರಂಥಕ್ಕೆ ತೋರಿದ ಗೌರವ. ಕತ್ತಿಗೂ ಅದರಿಂದ ಉಪಕಾರವೇ ಆಯಿತು. ಇಳಿಜಾರು ಹಲಗೆಯ ಮೇಜು ಕೊಡುವ ಅನುಕೂಲವೂ ಅದೇ. ಲ್ಯಾಪ್‌ಟಾಪ್ ಎಂಬ ಯಂತ್ರದಲ್ಲಿ ಪರದೆಯೂ ಕೀಲಿಮಣೆಯೂ ಒಂದಕ್ಕೊಂದು ಅಂಟಿಕೊಂಡಿರುವುದರಿಂದ, ಪರದೆ ಕಣ್ಣಿಗೆ ಸರಿಯಾದರೆ ಕೀಲಿಮಣೆ ಕೈಗೆ ಎತ್ತರವಾಗುತ್ತದೆ, ಕೀಲಿಮಣೆ ಸರಿಯಾದರೆ ಪರದೆ ತಗ್ಗಾಗುತ್ತದೆ. ಬಹಳ ಹೊತ್ತು ಕೆಲಸ ಮಾಡುವವರು ನಾಲ್ಕಾರು ದಪ್ಪ ಪುಸ್ತಕಗಳ ಮೇಲೆ ಅದನ್ನಿಟ್ಟು, ಪರದೆಯ ಮೇಲಂಚನ್ನು ಕಣ್ಣಿನ ಮಟ್ಟಕ್ಕೆ ತಂದು, ಬೇರೆಯೊಂದು ಕೀಲಿಮಣೆಯನ್ನು ಜೋಡಿಸಿಕೊಳ್ಳುವುದು ಒಳ್ಳೆಯದು. ದೃಷ್ಟಿದೋಷವಿದ್ದವರು ಅಕ್ಷರ ಕಾಣಲೆಂದು ತಲೆಯನ್ನು ಮುಂದೆ ಚಾಚುತ್ತಾರೆ. ಅವರಿಗೆ ಬೇಕಾದ ಮದ್ದು ಕನ್ನಡಕ.

ಮೂರನೆಯದು ವ್ಯಾಯಾಮ. ಡೆನ್ಮಾರ್ಕಿನಲ್ಲಿ ಕತ್ತು ಮತ್ತು ಭುಜಗಳ ನೋವಿದ್ದ ೧೯೮ ಮಂದಿ ಕಚೇರಿ ನೌಕರರನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ ೨ ನಿಮಿಷ, ಇನ್ನೊಂದಕ್ಕೆ ೧೨ ನಿಮಿಷ ರಬ್ಬರಿನ ಪಟ್ಟಿಯನ್ನು ಎಳೆಯುವ ವ್ಯಾಯಾಮವನ್ನು ವಾರಕ್ಕೆ ಐದು ದಿನ ಮಾಡಿಸಿದರು. ಮೂರನೆಯ ಗುಂಪಿಗೆ ವ್ಯಾಯಾಮವಿರಲಿಲ್ಲ. ಹತ್ತು ವಾರಗಳಾದ ಮೇಲೆ ವ್ಯಾಯಾಮ ಮಾಡಿದ ಎರಡು ಗುಂಪುಗಳಲ್ಲಿಯೂ ನೋವು ಗಣನೀಯವಾಗಿ ತಗ್ಗಿತ್ತೆಂದು ೨೦೧೧ರಲ್ಲಿ ವರದಿಯಾಯಿತು. ದಿನಕ್ಕೆ ಎರಡು ನಿಮಿಷವನ್ನು ಯಾವ ವಿದ್ಯಾರ್ಥಿ ತಾನೆ ಮಿಗಿಸಲಾರನು?

ಭಯವೂ ಬೇಡ, ಉಪೇಕ್ಷೆಯೂ ಬೇಡ

ಕತ್ತುನೋವು ಬಂದೊಡನೆ ಕೆಲವರು ಚಿತ್ರ ತೆಗೆಸಿ, ‘ಡಿಸ್ಕ್ ಉಬ್ಬಿದೆ’, ‘ಎಲುಬು ಸವೆದಿದೆ’ ಎಂಬ ಮಾತು ಕೇಳಿ ಧೈರ್ಯಗೆಡುತ್ತಾರೆ. ಜಪಾನಿನಲ್ಲಿ ಯಾವ ತೊಂದರೆಯೂ ಇಲ್ಲದ ೧೨೧೧ ಜನರ ಕತ್ತನ್ನು ಎಂ.ಆರ್.ಐ. ಯಂತ್ರದಿಂದ ನೋಡಿದಾಗ, ನೂರರಲ್ಲಿ ೮೭ಕ್ಕೂ ಹೆಚ್ಚು ಮಂದಿಯಲ್ಲಿ ಉಬ್ಬಿದ ಡಿಸ್ಕ್ ಕಂಡಿತೆಂದು ೨೦೧೫ರಲ್ಲಿ ಪ್ರಕಟವಾಗಿದೆ. ಇಪ್ಪತ್ತರ ಹರೆಯದವರಲ್ಲಿಯೂ ಅದು ಸಾಮಾನ್ಯವಾಗಿತ್ತು. ನರೆಗೂದಲು ರೋಗವಲ್ಲದಂತೆ ಇಂತಹ ಬದಲಾವಣೆಗಳೂ ಎಷ್ಟೋ ವೇಳೆ ರೋಗವಲ್ಲ. ಸಾಮಾನ್ಯ ಕತ್ತುನೋವು ಬಹುಮಂದಿಯಲ್ಲಿ ಕೆಲವು ವಾರಗಳಲ್ಲಿ ತಗ್ಗುತ್ತದೆ. ಆ ಅವಧಿಯಲ್ಲಿ ಕತ್ತನ್ನು ಪಟ್ಟಿ ಕಟ್ಟಿ ನಿಲ್ಲಿಸುವುದಕ್ಕಿಂತ ಹಿತವಾಗಿ ಆಡಿಸುತ್ತಿರುವುದು ಲೇಸು.

ಆದರೆ ಕೆಲವು ಲಕ್ಷಣಗಳನ್ನು ಕಂಡಾಗ ತಡಮಾಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು: ಕೈಯಲ್ಲಿ ಶಕ್ತಿ ಕುಂದುವುದು ಅಥವಾ ಜೋಮು ಬಿಡದಿರುವುದು, ನಡೆಯುವಾಗ ಕಾಲು ತಡವರಿಸುವುದು, ಮಲಮೂತ್ರಗಳ ಹತೋಟಿ ತಪ್ಪುವುದು, ಬಿದ್ದು ಪೆಟ್ಟಾದ ಮೇಲೆ ನೋವು ಬರುವುದು, ಜ್ವರ ತಲೆನೋವುಗಳೊಡನೆ ಕತ್ತು ಸೆಟೆಯುವುದು, ಎದೆಯಲ್ಲಿ ನೋವು ಹುಟ್ಟಿ ಕತ್ತಿಗೂ ತೋಳಿಗೂ ಹರಡುವುದು. ಇವು ಓದಿನಿಂದ ಬಂದ ನೋವೆಂದು ಸುಮ್ಮನಿರುವುದು ಅಪಾಯಕರ. ಅಂತೆಯೇ, ಕ್ಷೌರದಂಗಡಿಯಲ್ಲಿ ಕತ್ತನ್ನು ಫಕ್ಕನೆ ತಿರುಚಿಸಿ ಲಟಿಕೆ ತೆಗೆಸಿಕೊಳ್ಳುವ ರೂಢಿಯನ್ನು ಬಿಡಬೇಕು. ಮಿದುಳಿಗೆ ರಕ್ತವನ್ನೊಯ್ಯುವ ನಾಳಗಳು ಆ ಮಣಿಗಳ ಮೂಲಕವೇ ಹಾದುಹೋಗುತ್ತವೆಂದು ಮೇಲೆ ಹೇಳಿದೆಯಷ್ಟೆ. ಒಂದು ಕ್ಷಣದ ಹಿತಕ್ಕಾಗಿ ಅವುಗಳ ಒಳಪದರವನ್ನು ಹರಿಯಗೊಡುವ ಸಾಹಸ ತರವಲ್ಲ.

ವಿದ್ಯೆಯನ್ನು ಗಳಿಸಲು ದೇಹವನ್ನು ದಂಡಿಸಲೇಬೇಕೆಂಬ ಭಾವನೆ ನಮ್ಮಲ್ಲಿ ಹಳೆಯದು. ಅಲುಗಾಡದೆ ಕುಳಿತವನೇ ಶ್ರದ್ಧಾವಂತನೆಂದು ಶಾಲೆಯಲ್ಲಿಯೂ ಮನೆಯಲ್ಲಿಯೂ ಹೊಗಳುತ್ತೇವೆ. ಶರೀರಶಾಸ್ತ್ರವು ಇದನ್ನು ಒಪ್ಪುವುದಿಲ್ಲ. ಅರ್ಧ ಗಂಟೆಗೊಮ್ಮೆ ಪುಸ್ತಕದಿಂದ ತಲೆಯೆತ್ತಿ ಎದ್ದು ನಿಲ್ಲುವ ವಿದ್ಯಾರ್ಥಿಯನ್ನು ಯಾರೂ ಗದರಿಸಬೇಕಾಗಿಲ್ಲ. ಅವನು ಮತ್ತೆ ಬಂದು ಕುಳಿತು, ಮುಂದೆಯೂ ಬಹುಕಾಲ ಓದಬಲ್ಲವನು.